ನೀರು ಆರುವಷ್ಟು ಹೊತ್ತು

ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದು ಅರ್ಧ ಗಂಟೆಯಾಗಿದ್ದರೂ ಮುತ್ತರಾಯಪ್ಪನ ಕೈ ಕಲ್ಲಿನ ಕಡೆಗೆ ಹೋಗಲೊಲ್ಲದು. ಎದುರಿಗೆ ನಲವತ್ತೆಂಟನೇ ನಂಬರಿನ ಕಲ್ಲು, ಆಳೆತ್ತರ, ಕರ್ರಗೆ, ನಿನ್ನೆಯಷ್ಟೇ ಬೆಟ್ಟದಿಂದ ಬಿಡಿಸಿಕೊಂಡು ಬಂದದ್ದು, ಬೆಳಗಿನ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಅದರ ಮೇಲೆ ಅವನು ಬರೆಯಬೇಕಾದದ್ದು ಮೂರೇ ಸಾಲು: ಮೇಲೆ ಕಂಪನಿಯ ಎರಡು ಅಕ್ಷರ, ನಡುವೆ ನಂಬರು, ಕೆಳಗೆ ಕಲ್ಲು ಹೋಗಿ ಇಳಿಯಬೇಕಾದ ಬಂದರಿನ ಹೆಸರು. ಇಂಗ್ಲಿಷು ಅವನಿಗೆ ಬಾರದು. ಡೆಂಕಣಿಕೋಟೆಯ ಶಾಲೆಯಲ್ಲಿ ಮೂರನೇ ಕ್ಲಾಸಿನ ತನಕ ತಮಿಳು ಕಲಿತದ್ದೇ ಅವನ ವಿದ್ಯೆ. ಮನೆಯ ಮಾತು ಕನ್ನಡವಾದರೂ ಅದನ್ನು ಬರೆಯಲು ಯಾರೂ ಕಲಿಸಿರಲಿಲ್ಲ. ಆದರೆ ಹೊಸೂರಿನ ಆಫೀಸಿನ ಗೋಪೀನಾಥರು ಒಂದು ರಟ್ಟಿನ ಮೇಲೆ ಬರೆದುಕೊಟ್ಟ ಕೋಬೆ ಎಂಬ ನಾಲ್ಕು ಇಂಗ್ಲಿಷು ಅಕ್ಷರಗಳನ್ನು ಅವನು ಹೆಂಗಸರು ರಂಗೋಲಿ ಕಲಿಯುವ ಹಾಗೆ ಕಲಿತಿದ್ದ: ಒಂದು ಕವೆಗೋಲು, ಒಂದು ಬಳೆ, ಎರಡು ಹೊಟ್ಟೆಯ ಒಬ್ಬ ಸಾಹುಕಾರ, ಮೂರು ಹಲ್ಲು ಉಳಿದ ಬಾಚಣಿಗೆ. ಹೆಂಡತಿ ಗಂಗರತ್ನಮ್ಮ ಒಂದು ಶುಕ್ರವಾರ ಇವನನ್ನು ರೇಗಿಸಲೆಂದೇ ಬಾಗಿಲ ಮುಂದೆ ಸಾರಿಸಿದ ನೆಲದ ಮೇಲೆ ಅದೇ ನಾಲ್ಕನ್ನು ಹಿಟ್ಟಿನಲ್ಲಿ ಎಳೆದು, ಇದು ಯಾವೂರ ದೇವರು ಎಂದು ಕೇಳಿದ್ದಳು. ಅದು ಊರಿನ ಹೆಸರು, ಸಮುದ್ರದ ಆಚೆ ಜಪಾನು ಅನ್ನುವ ದೇಶದಲ್ಲಿದೆ, ನಮ್ಮ ಕಲ್ಲನ್ನು ಅಲ್ಲಿಯವರು ಕನ್ನಡಿಯ ಹಾಗೆ ಉಜ್ಜಿ ಸತ್ತವರ ಸಮಾಧಿಗೆ ನಿಲ್ಲಿಸುತ್ತಾರೆ ಎಂದು ಅವನು ಗೋಪೀನಾಥರಿಂದ ಕೇಳಿದ್ದನ್ನೇ ಹೇಳಿದಾಗ ಅವಳು ಗಾಬರಿಯಾಗಿ ಕಾಲಿನಿಂದ ಅಳಿಸಿಬಿಟ್ಟಿದ್ದಳು. ನಿನ್ನಂಥ ಕೈಬರಹ ನಮ್ಮ ಆಫೀಸಿನಲ್ಲಿ ಓದಿದವರಿಗೂ ಇಲ್ಲ ಕಣಯ್ಯ ಎಂದು ಗೋಪೀನಾಥರು ಒಮ್ಮೆ ನಾಲ್ಕು ಜನರ ಮುಂದೆ ಹೇಳಿದ್ದರು. ಎರಡು ವರ್ಷದಿಂದ ಮುತ್ತರಾಯಪ್ಪ ಆ ಮಾತನ್ನು ಬೇಕಾದಾಗಲೆಲ್ಲ ತೆಗೆದು ನೋಡಿಕೊಂಡು ಮತ್ತೆ ಮಡಚಿ ಇಡುತ್ತಿದ್ದ. ಇವತ್ತು ಬಣ್ಣದ ಮೇಲೆ ಕೆನೆ ಕಟ್ಟುತ್ತಿತ್ತು, ಕುಂಚದ ತುದಿ ಒಣಗುತ್ತಿತ್ತು. ನಲವತ್ತೆಂಟು ಬರೆಯಬೇಕೆಂದರೆ ಕಣ್ಣ ಮುಂದೆ ನಲವತ್ತೇಳೇ ಬಂದು ನಿಲ್ಲುತ್ತಿತ್ತು.

ನಲವತ್ತೇಳರ ಏಳು. ಅದರ ಓರೆಗಾಲು. ಅದನ್ನು ಅವನು ಬರೆದದ್ದು ಹೋದ ಶುಕ್ರವಾರ. ಅವತ್ತು ಗಂಗರತ್ನಮ್ಮ ಹೊಸ ಸೀರೆ ಉಟ್ಟು ಹಿತ್ತಾಳೆ ಬಿಂದಿಗೆಯಲ್ಲಿ ನೀರು ಹೊತ್ತು ಬಂದಿದ್ದಳು. ಕಲ್ಲು ಬೆಟ್ಟದಿಂದ ಇಡಿಯಾಗಿ ಬಿಟ್ಟುಕೊಂಡಾಗ ಅದನ್ನು ಒಡೆದವನ ಮನೆಯ ಹೆಣ್ಣುಮಗಳು ಅದರ ಮೇಲೆ ನೀರು ಹುಯ್ಯಬೇಕು, ಕಾಯಿ ಒಡೆಯಬೇಕು, ಆಮೇಲೆ ನೀರು ಆರುವಷ್ಟು ಹೊತ್ತು ಎಲ್ಲರೂ ಮಾತಿಲ್ಲದೆ ನಿಂತಿರಬೇಕು. ಇದು ಆ ಬೆಟ್ಟದ ಪದ್ಧತಿ. ಪೂಜೆ ಅಂದರೆ ಪೂಜೆ, ಪರೀಕ್ಷೆ ಅಂದರೆ ಪರೀಕ್ಷೆ. ಒಳ್ಳೆಯ ಕಲ್ಲಿನ ಮೇಲೆ ನೀರು ಒಂದೇ ಸಮನೆ ಆರುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಉಳಿದ ಕಲ್ಲೆಲ್ಲ ಒಣಗಿದ ಮೇಲೂ ಆ ಗೆರೆ ಮಾತ್ರ ಒದ್ದೆಯಾಗಿ ಉಳಿಯುತ್ತದೆ. ಬಿರುಕು ಕಂಡರೆ ಕಂಡವನು ಬಾಯಿಬಿಟ್ಟು ಹೇಳಬೇಕು, ಕಲ್ಲನ್ನು ಪಕ್ಕಕ್ಕಿಡಬೇಕು, ಯಾರೂ ಯಾರನ್ನೂ ಬೈಯುವ ಹಾಗಿಲ್ಲ. ಇಷ್ಟು ಸರಳವಾದ ಪದ್ಧತಿಯಲ್ಲೂ ಮನುಷ್ಯ ಜಾರಿ ಬೀಳಲು ಜಾಗ ಹುಡುಕಿಕೊಳ್ಳುತ್ತಾನೆ. ನಲವತ್ತೇಳನ್ನು ಒಡೆದವನು ದೊಡ್ಡವೆಂಕಟಪ್ಪ, ಗಂಗರತ್ನಮ್ಮನ ಅಪ್ಪ, ಮುತ್ತರಾಯಪ್ಪನ ಸೋದರಮಾವ. ಅವ್ವ ಸತ್ತ ಮೇಲೆ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ತನ್ನ ಮನೆಗೆ ತಂದವನು, ಉಣ್ಣಲಿಕ್ಕಿಟ್ಟವನು, ಬೆಳೆದ ಮೇಲೆ ಮಗಳನ್ನೂ ಕೊಟ್ಟವನು. ಮೂವತ್ತೈದು ವರ್ಷ ಉಳಿ ಸುತ್ತಿಗೆ ಹಿಡಿದ ಆ ಮನುಷ್ಯನಿಗೆ ಅದೇ ಕೊನೆಯ ಕಲ್ಲು. ಕೃಷ್ಣಗಿರಿಯಿಂದ ಕಲ್ಲು ಕೊರೆಯುವ ಗಾಳಿ ಮಿಷನ್ನು ಬಂದಿತ್ತು, ಇನ್ನು ಕೈಯಲ್ಲಿ ಉಳಿ ಹೊಡೆಯುವವರು ಬೇಡವಾಗಿದ್ದರು. ಅದಕ್ಕೆ ಗೋಪೀನಾಥರು ಹೊಸೂರಿನಿಂದ ಒಂದು ಶಾಲು ತಂದು ಹೊದಿಸಿದ್ದರು. ಮಾವ ಶಾಲು ಹೊದ್ದು ನಿಂತಿದ್ದ. ಎರಡು ಕಣ್ಣಿಗೂ ಪೊರೆ ಬಂದು ವರ್ಷವಾಗಿತ್ತು. ಕಲ್ಲನ್ನು ಅವನು ತಟ್ಟಿ ಕೇಳಿ, ಹೆಬ್ಬೆರಳಿನಿಂದ ಸವರಿ ತಿಳಿದುಕೊಳ್ಳುತ್ತಿದ್ದ. ಗೋಪೀನಾಥರು ಎಡಗಡೆ ನಿಂತು ಹೊಗಳುತ್ತಿದ್ದರೆ ಮಾವ ಬಲಗಡೆಗೆ ಮುಖ ಮಾಡಿ ನಗುತ್ತಿದ್ದ. ಜನ ನೀರು ಆರುವುದನ್ನು ಕಾಯದೆ ಕಾಯಿಚೂರಿಗೆ ಕೈ ಚಾಚಿದ್ದರು. ಬಣ್ಣದ ಡಬ್ಬಿ ಹಿಡಿದು ಕಲ್ಲಿನ ಬುಡದಲ್ಲಿ ಕೂತಿದ್ದ ಮುತ್ತರಾಯಪ್ಪನೊಬ್ಬನ ಕಣ್ಣಿಗೆ ಮಾತ್ರ ಬಲಗಡೆಯ ಕೆಳಮೂಲೆಯಲ್ಲಿ ಗೇಣುದ್ದದ ಒಂದು ಓರೆ ಗೆರೆ ಒದ್ದೆಯಾಗಿಯೇ ಉಳಿದದ್ದು ಕಾಣಿಸಿತು. ಮಾವನ ಮುಖ ನೋಡಿದ. ಗೆರೆ ನೋಡಿದ. ಕುಂಚ ಅದ್ದಿದ. ಪ್ರತಿ ಸಲ ಕಲ್ಲಿನ ನಡುವೆ ಬರೆಯುವ ನಂಬರನ್ನು ಆವತ್ತು ಮೂಲೆಯಲ್ಲಿ ಬರೆದ, ದಪ್ಪಗೆ, ಎರಡೆರಡು ಸಲ ಬಳಿದು, ಏಳರ ಓರೆಗಾಲು ಸರಿಯಾಗಿ ಬಿರುಕಿನ ಮೇಲೆ ಬರುವ ಹಾಗೆ. ನಂಬರು ಏಳೇ ಆಗಿದ್ದದ್ದು ದೇವರ ಕೆಲಸ ಎಂದೂ ಆ ಗಳಿಗೆಯಲ್ಲಿ ಅವನಿಗೆ ಅನಿಸಿತ್ತು.

ಸಮುದ್ರದ ಆಚೆಯವರು ಕಲ್ಲು ಕೊಯ್ಯುವಾಗ ಹೇಗೂ ನೋಡುತ್ತಾರೆ, ಒಂದು ಮೂಲೆ ಕತ್ತರಿಸಿ ಎಸೆಯುತ್ತಾರೆ, ಅಷ್ಟು ದೊಡ್ಡ ದೇಶಕ್ಕೆ ಒಂದು ಮೂಲೆ ಹೋದರೆ ಏನು ಎಂದು ಅವನು ನಾಲ್ಕು ದಿನ ತನಗೆ ತಾನೇ ಹೇಳಿಕೊಂಡಿದ್ದ. ಐದನೆಯ ದಿನ, ಅಂದರೆ ನಿನ್ನೆ ಮಂಗಳವಾರ ಸಂಜೆ, ನಲವತ್ತೇಳೂ ಸೇರಿದಂತೆ ಕಲ್ಲುಗಳನ್ನು ಮದ್ರಾಸಿನಲ್ಲಿ ಇಳಿಸಿ ಬಂದ ಲಾರಿ ಡ್ರೈವರ್ ಶ್ಯಾಮಣ್ಣ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬಂದರಿನ ಕತೆ ಶುರುಮಾಡಿದ. ಹಡಗು ಬಂದು ನಿಂತಿದೆಯಂತೆ, ಗುರುವಾರ ಬೆಳಿಗ್ಗೆಯಿಂದ ನಮ್ಮ ಕಲ್ಲು ಏರಿಸುತ್ತಾರಂತೆ. ಬೇರೆಯವರ ಕಲ್ಲು ಏರಿಸುವುದನ್ನು ಅವನು ಗಂಟೆಗಟ್ಟಲೆ ನಿಂತು ನೋಡಿದನಂತೆ. ಇಲ್ಲಿ ನಾವು ಲಾರಿಗೆ ಹಾಕುವಾಗ ಕಲ್ಲಿನ ಸೊಂಟಕ್ಕೆ ಸರಪಳಿ ಬಿಗಿಯುತ್ತೇವಲ್ಲ, ಅಲ್ಲಿ ಹಾಗಲ್ಲ, ಉಕ್ಕಿನ ಹಗ್ಗದ ಎರಡು ಕುಣಿಕೆ, ಎರಡು ತುದಿಗೆ, ಮೂಲೆಯ ಹತ್ತಿರ. ಅದನ್ನು ಕ್ರೇನು ಆಕಾಶಕ್ಕೆ ಎತ್ತಿ ಹಡಗಿನ ಹೊಟ್ಟೆಯೊಳಕ್ಕೆ ಇಳಿಸುತ್ತದೆ. ಹೊಟ್ಟೆ ಅಂದರೆ ನಮ್ಮೂರ ಬಾವಿ ಹತ್ತು ಸೇರಿಸಿದಷ್ಟು ಆಳ. ತಳದಲ್ಲಿ ಏಳೆಂಟು ಜನ ನಿಂತಿರುತ್ತಾರೆ, ಕಲ್ಲು ಬರುವುದನ್ನೇ ಕತ್ತೆತ್ತಿ ನೋಡಿಕೊಂಡು, ಕೈಯಲ್ಲಿ ಮರದ ತುಂಡು ಹಿಡಿದುಕೊಂಡು. ಒಬ್ಬ ತಲೆಗೆ ಕೆಂಪು ಟವೆಲು ಕಟ್ಟಿದ್ದ, ಮೇಲಿನಿಂದ ನೋಡಿದರೆ ಕುಂಕುಮದ ಬೊಟ್ಟಿನಷ್ಟು ಕಾಣುತ್ತಿದ್ದ ಎಂದು ಶ್ಯಾಮಣ್ಣ ನಕ್ಕ. ಮುತ್ತರಾಯಪ್ಪ ಟೀ ಲೋಟವನ್ನು ಬೆಂಚಿನ ಮೇಲಿಟ್ಟು ಎದ್ದು ಮನೆಗೆ ಬಂದ. ಬಿರುಕಿರುವುದು ಮೂಲೆಯಲ್ಲಿ. ಕುಣಿಕೆ ಬೀಳುವುದೂ ಮೂಲೆಯಲ್ಲೇ. ರಾತ್ರಿ ಉಂಡದ್ದು ಏನೆಂದು ಅವನಿಗೆ ನೆನಪಿಲ್ಲ.

ಈಗ ನಲವತ್ತೆಂಟರ ಮುಂದೆ ಕೂತಿದ್ದಾಗಲೂ ಆ ಕೆಂಪು ಟವೆಲಿನವನು ಕತ್ತೆತ್ತಿಕೊಂಡೇ ಇದ್ದ. ಅವನಿಗೆ ಹೆಂಡತಿ ಇರಬಹುದು, ಅವಳಿಗೂ ಒಂದು ಹಿತ್ತಾಳೆ ಬಿಂದಿಗೆ ಇರಬಹುದು. ಮುತ್ತರಾಯಪ್ಪ ಡಬ್ಬಿಯ ಮುಚ್ಚಳವನ್ನು ಕಲ್ಲಿನಿಂದ ಗುದ್ದಿ ಮುಚ್ಚಿದ, ಕುಂಚವನ್ನು ಒಂದು ಚಿಂದಿಯಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡು ಮನೆಯ ದಾರಿ ಹಿಡಿದ. ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದ. ಮದುವೆಗೋ ಸಾವಿಗೋ ಮಾತ್ರ ಹೊರಬರುವ ಅಂಗಿ ಅದು. ಗಂಗರತ್ನಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದವಳು ತಲೆ ಎತ್ತದೆ, “ಕೆಲ್ಸ ಬಿಟ್ಟು ಎಲ್ಲಿಗ್ ಒಂಟ್ರಿ?” ಎಂದಳು. ಹೊಸೂರಿಗೆ, ಆಫೀಸಿನಲ್ಲಿ ಬರಹೇಳಿದ್ದಾರೆ ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅಸಹ್ಯವಾಯಿತು. ಒಳಮನೆಯಲ್ಲಿ ಮಾವ ಕೆಮ್ಮಿದ್ದು ಕೇಳಿಸಿತು. ನಾಲ್ಕು ದಿನದಿಂದ ಅಪ್ಪ ಸರಿಯಾಗಿ ಉಣ್ಣುತ್ತಿಲ್ಲ, ಕೆಲಸ ಹೋದ ಕೊರಗು ಇರಬೇಕು, ಬರುತ್ತಾ ಎರಡು ಬಾಳೆಹಣ್ಣು ತನ್ನಿ ಎಂದು ಅವಳು ಹೇಳಿದಳು. ಅವನು ಒಳಗೆ ಇಣುಕದೆ ಹೊರಟ.

ಬಸ್ಸಿನಲ್ಲಿ ಕಾರ್ಖಾನೆಗೆ ಎರಡನೇ ಪಾಳಿಗೆ ಹೋಗುವ ನೀಲಿ ಅಂಗಿಯವರೇ ತುಂಬಿದ್ದರು. ಕನ್ನಡದಲ್ಲಿ ಶುರುವಾದ ಮಾತು ತೆಲುಗಿಗೆ ಹೋಗಿ ತಮಿಳಿನಲ್ಲಿ ಮುಗಿಯುತ್ತಿತ್ತು. ರಾತ್ರಿ ಯಾರದೋ ಹೊಲಕ್ಕೆ ಆನೆ ನುಗ್ಗಿದ ಸುದ್ದಿ, ಸೂಪರ್‌ವೈಸರನ ಮೇಲೆ ದೂರು. ಕಿಟಕಿಯ ಪಕ್ಕ ಒತ್ತರಿಸಿಕೊಂಡು ಕೂತ ಮುತ್ತರಾಯಪ್ಪ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದ. ಒಂದು ತಪ್ಪಾಗಿದೆ ಸಾರ್ ಎಂದು ಶುರು ಮಾಡಬೇಕು. ಬೇಡ, ಮೊದಲು ಕಲ್ಲನ್ನು ನಿಲ್ಲಿಸಿ ಎನ್ನಬೇಕು. ಆದರೆ ಯಾಕೆ ಎಂದು ಕೇಳುತ್ತಾರೆ. ಯಾರು ಒಡೆದ ಕಲ್ಲು ಎಂದು ಕೇಳುತ್ತಾರೆ. ಕೇಳುವುದೇ ಬೇಡ, ಶಾಲು ಹೊದಿಸಿದ್ದು ಅವರೇ. ಆಗ ಮುದುಕನಿಗೆ ಕಣ್ಣಿಲ್ಲ, ಕಿವಿಯೂ ಹೋಗಿದೆ, ಒಡೆದದ್ದೆಲ್ಲ ಒಡಕಲೇ ಇರಬೇಕು ಎಂದು ಊರು ಮಾತಾಡುತ್ತದೆ. ಊರಿಗೆ ಅಷ್ಟೇ ಸಾಕು. ಮೂವತ್ತೈದು ವರ್ಷದ ಕಲ್ಲುಗಳು ಎಲ್ಲೆಲ್ಲೋ ಚಪ್ಪಡಿಯಾಗಿ, ಕಂಬವಾಗಿ, ಬಾವಿಯ ಮೆಟ್ಟಿಲಾಗಿ ಗಟ್ಟಿಯಾಗಿ ನಿಂತಿವೆ, ಅವು ಬಂದು ಸಾಕ್ಷಿ ಹೇಳುವುದಿಲ್ಲ. ಅವನಿಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಮಾವ ಅವನ ಕಿವಿಯನ್ನು ಒಂದು ಬಂಡೆಗೆ ಒತ್ತಿ ಹಿಡಿಸಿ, ಆ ಕಡೆಯಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ್ದ. ಏನು ಕೇಳಿಸ್ತು ಎಂದಿದ್ದ. ಗಂಟೆ ಎಂದು ಹುಡುಗ ಹೇಳಿದ್ದ. ಆಮೇಲೆ ಇನ್ನೊಂದು ಬಂಡೆ. ಅದು ಮಡಕೆಯ ಹಾಗೆ ಬೊದ್ದ್ ಎಂದಿತ್ತು. ಇದಕ್ಕೆ ಒಳಗೆ ನೋವಿದೆ, ಇದನ್ನು ಹೊಡೀಬಾರದು ಎಂದು ಮಾವ ಬಂಡೆಯ ಮೈ ಸವರಿ ಎದ್ದುಹೋಗಿದ್ದ. ಹೋದ ಶುಕ್ರವಾರ ಆ ಕಿವಿಗೆ ಏನೂ ಕೇಳಿಸಲಿಲ್ಲವೇ? ಬಸ್ಸು ಮತ್ತಿಗಿರಿಯ ದನದ ಫಾರಂ ದಾಟಿತು. ದಾಟಿದಷ್ಟೂ ಅವನಿಗೆ ಇನ್ನೆರಡು ಸ್ಟಾಪು ಹೆಚ್ಚು ಇರಬಾರದಿತ್ತೇ ಅನಿಸುತ್ತಿತ್ತು.

ಹೊಸೂರಿನ ಆಲಸನತ್ತಂನಲ್ಲಿ ಒಂದು ಹೊಸ ಮನೆಯ ಮುಂದಿನ ಎರಡು ಕೋಣೆಗಳೇ ಕಂಪನಿಯ ಆಫೀಸು. ಮುತ್ತರಾಯಪ್ಪ ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟ. ಮುಂದಿನ ಕೋಣೆಯಲ್ಲಿ ಟೈಪು ಮಾಡುತ್ತಿದ್ದ ಹೆಂಗಸು ಅವನ ಕಾಲುಗಳ ಕಡೆ ನೋಡಿ, ಕೆಲಸ ಕೇಳಲು ಬಂದವರು ಶನಿವಾರ ಬರಬೇಕು ಎಂದು ತಮಿಳಿನಲ್ಲಿ ಹೇಳಿದಳು. ತಾನು ಕಂಪನಿಯವನೇ, ಕಲ್ಲಿಗೆ ನಂಬರು ಬರೆಯುವವನು ಎಂದರೆ ಅವಳು ನಂಬಲಿಲ್ಲ. ಕಲ್ಲಿನ ಮೇಲಿನ ನಂಬರುಗಳನ್ನು ಯಾರಾದರೂ ಬರೆಯುತ್ತಾರೆ ಎನ್ನುವುದೇ ಅವಳಿಗೆ ಹೊಳೆದಿರಲಿಲ್ಲವೇನೋ. ಅವನು ಗೋಡೆಗೆ ಆತು ನಿಂತ. ಗೋಡೆಯ ಮೇಲೆ ಹಡಗಿನ ಕಂಪನಿಯೊಂದರ ಕ್ಯಾಲೆಂಡರು, ಅದರಲ್ಲಿ ನೀಲಿ ನೀರು, ಬಿಳಿ ಹಡಗು. ನೀರಿನ ಮೇಲೆ ಒಬ್ಬ ಮನುಷ್ಯನೂ ಇರಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಗೋಪೀನಾಥರು ಕೈಗೆಲ್ಲ ಕಾರ್ಬನ್ ಕಾಗದದ ನೀಲಿ ಮೆತ್ತಿಕೊಂಡು ಹೊರಗೆ ಬಂದವರು ಅವನನ್ನು ಕಂಡು, ಇದೇನಯ್ಯ ಮದುಮಗನ ಹಾಗೆ ಬಂದಿದ್ದೀಯ ಎಂದು ನಗುತ್ತಾ ಒಳಗೆ ಕರೆದರು. ಅವರ ನಗು ಅವನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಮೇಜಿನ ಮೇಲೆ ಉದ್ದನೆಯ ಕಾಗದಗಳಿದ್ದವು, ಅವುಗಳಲ್ಲಿ ತಾನು ಬಲ್ಲ ಕವೆಗೋಲು, ಬಳೆ, ಸಾಹುಕಾರ, ಬಾಚಣಿಗೆ ಸಣ್ಣದಾಗಿ ಸಾಲಾಗಿ ನಿಂತದ್ದು ಕಂಡು ಅವನಿಗೆ ನೆಂಟರನ್ನು ಕಂಡ ಹಾಗಾಯಿತು. ಅಲ್ಲೇ ನಲವತ್ತೇಳೂ ಇತ್ತು. ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಸ್ಸಿನಲ್ಲೇ ಉಳಿದುಹೋಗಿದ್ದವು.

“ನಲವತ್ತೇಳನೇ ಕಲ್ಲು ಎತ್ತಿಸ್ಬೇಡಿ ಸಾರ್,” ಎಂದ. “ಮೂಲೇಲಿ ಬಿರುಕೈತೆ. ನಂಗೆ ಗೊತ್ತಿತ್ತು. ನಾನೇ ಮೇಲೆ ಬಣ್ಣ ಬಳ್ದೆ.”

ಗೋಪೀನಾಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖ ಬೇರೆ ಯಾರದೋ ಎನ್ನುವಂತಿತ್ತು, ವಯಸ್ಸಾದಂತಿತ್ತು. ಯಾಕೆ ಎಂದು ಅವರು ಕೇಳುತ್ತಾರೆಂದು ಮುತ್ತರಾಯಪ್ಪ ಕಾದ. ಅವರು ಕೇಳಲಿಲ್ಲ. ಶಾಲು ಹೊದಿಸುವಾಗ ಮುದುಕ ಬೇರೆ ದಿಕ್ಕಿಗೆ ನಕ್ಕದ್ದನ್ನು ಅವರೂ ಕಂಡಿದ್ದರು. ಬಾಗಿಲ ಕಡೆಗೆ ಕತ್ತು ಚಾಚಿ, ಮದ್ರಾಸಿನ ಏಜೆಂಟರಿಗೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಮ್ಮ ಎಂದರು. ಆಮೇಲೆ, ನಿಂತೇ ಇರಬೇಡ ಕೂತ್ಕೋ ಎಂದರು. ಅವನು ನೆಲದ ಮೇಲೆ ಕೂರಲು ಹೋದಾಗ ಕುರ್ಚಿ ತೋರಿಸಿದರು. ಕಂಪನಿಗೆ ಸೇರಿದ ಮೇಲೆ ಅವನು ಕುರ್ಚಿಯ ಮೇಲೆ ಕೂತದ್ದು ಅವತ್ತೇ ಮೊದಲು. ತನಗೆ ಯಾವತ್ತಾದರೂ ಕುರ್ಚಿ ಸಿಕ್ಕೀತು ಎಂದು ಅವನು ಅಂದುಕೊಂಡದ್ದುಂಟು, ಸಿಗುವುದು ಹೀಗೆ ಎಂದುಕೊಂಡಿರಲಿಲ್ಲ.

ಕಾಲ್ ಬರಲು ಒಂದೂವರೆ ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಗೋಪೀನಾಥರು ಕಾಗದ ಬರೆಯುವುದನ್ನು ಬಿಟ್ಟು ಸುಮ್ಮನೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಒಂದು ಸಲ, ತಾವು ಮೊದಲು ಬಂದರಿಗೆ ಹೋದಾಗ ಹಡಗಿನ ಅಂಚಿಗೆ ನಿಂತು ಒಳಗೆ ಬಗ್ಗಿ ನೋಡಿ ತಲೆ ತಿರುಗಿ ಬಿದ್ದದ್ದನ್ನು, ಕೆಳಗಿದ್ದ ಕೂಲಿಗಳೇ ಏಣಿ ಹತ್ತಿ ಬಂದು ಮುಖಕ್ಕೆ ನೀರು ಚಿಮುಕಿಸಿದ್ದನ್ನು ಹೇಳಿದರು. ಅದನ್ನು ಯಾಕೆ ಹೇಳಿದರೆಂದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಫೋನು ಬಡಿದಾಗ ಇಬ್ಬರೂ ಬೆಚ್ಚಿದರು. ಗೋಪೀನಾಥರು ಹೊಸೂರಿನಿಂದ ಮದ್ರಾಸಿನ ತನಕ ಬರಿಗಂಟಲಲ್ಲೇ ಮುಟ್ಟಿಸುವವರಂತೆ ತಮಿಳಿನಲ್ಲಿ ಕೂಗಿದರು, ಹೌದು, ಇಲ್ಲ, ಲೈನು ಸರಿಯಿಲ್ಲ ಎಂದರು, ನಡುವೆ ಆಪರೇಟರ್ ಮೂರು ನಿಮಿಷ ಆಯಿತು ಎಂದಾಗ ಇನ್ನೂ ಮೂರು ಕೊಡಿ ಎಂದರು. ಆಮೇಲೆ ರಿಸೀವರನ್ನು ಮುತ್ತರಾಯಪ್ಪನ ಕಿವಿಗೆ ತಾವೇ ಹಿಡಿದು, ಯಾವ ಮೂಲೆ ಎಂದು ಸರಿಯಾಗಿ ಹೇಳು ಎಂದರು. ಆ ಕಡೆಯವನು ಏಜೆಂಟರ ಗುಮಾಸ್ತ. ಬಲಗಡೆ, ಕೆಳಗೆ, ಏಳರ ಓರೆಗಾಲಿನ ಅಡಿಯಲ್ಲಿ, ಬಣ್ಣ ಕೆರೆದು ನೀರು ಹಾಕಿ ಆರುವ ತನಕ ನೋಡಿ ಎಂದು ಮುತ್ತರಾಯಪ್ಪ ತನ್ನ ಮೂರನೇ ಕ್ಲಾಸಿನ ತಮಿಳಿನಲ್ಲಿ ಹೇಳಿದ. ಆರುವ ತನಕ ಎಂಬುದನ್ನು ಎರಡು ಸಲ ಹೇಳಿದ. ಗುಮಾಸ್ತ ಬರೆದುಕೊಳ್ಳುತ್ತಿದ್ದಾಗ ಅವನ ಉಸಿರಿನ ಹಿಂದೆ, ಬಹಳ ದೂರದಲ್ಲಿ, ಒಂದು ದೊಡ್ಡ ದನಿ ಎದ್ದಿತು. ಸಂಜೆ ಕೊಟ್ಟಿಗೆಗೆ ಬಾರದೆ ಉಳಿದ ಎಮ್ಮೆ ಕಾಡಿನಂಚಿನಲ್ಲಿ ಕೂಗುವಂತೆ, ಆದರೆ ಅದಕ್ಕಿಂತ ನಿಧಾನವಾಗಿ, ತಾನು ಎಷ್ಟು ದೊಡ್ಡದೆಂದು ತನಗೇ ಬೇಸರ ಬಂದಂತೆ. ಅದು ಹಡಗು ಎಂದು ಯಾರೂ ಹೇಳದೆಯೇ ಅವನಿಗೆ ತಿಳಿಯಿತು. ಎರಡು ವರ್ಷದಿಂದ ನಲವತ್ತೇಳು ಕಲ್ಲುಗಳಿಗೆ ಹೆಸರು ಬರೆದು ಕಳಿಸಿದ್ದು ಈ ದನಿಯ ಹತ್ತಿರಕ್ಕೆ. ಲೈನು ಕತ್ತರಿಸಿದ ಮೇಲೂ ಅವನ ಕಿವಿ ಅದನ್ನು ಬಿಡಲಿಲ್ಲ.

ಮದ್ರಾಸಿನಿಂದ ಮತ್ತೆ ಫೋನು ಬಂದದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟರಲ್ಲಿ ಗೋಪೀನಾಥರು ತಮ್ಮ ಡಬ್ಬಿಯ ಮೊಸರನ್ನದಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿ ಅವನ ಮುಂದೆ ತಳ್ಳಿದ್ದರು. ಅವನು ಎರಡು ತುತ್ತಿಗಿಂತ ಹೆಚ್ಚು ತಿನ್ನಲಾಗದೆ ಕೂತಿದ್ದ. ಈ ಸಲ ಗೋಪೀನಾಥರು ಕೂಗಲಿಲ್ಲ. ಕೇಳುತ್ತಾ ಕೇಳುತ್ತಾ ತಲೆಯಾಡಿಸಿದರು. ಬಿರುಕು ಇದೆಯಂತೆ, ಕೆಳಮೂಲೆಯಿಂದ ಒಳಕ್ಕೆ ಹೋಗಿದೆಯಂತೆ, ಕುಣಿಕೆ ಹಾಕಿದ್ದರೆ ಅಲ್ಲಿಗೇ ಬೀಳುತ್ತಿತ್ತಂತೆ, ಕಲ್ಲನ್ನು ಪಕ್ಕಕ್ಕೆ ಇಟ್ಟರಂತೆ ಎಂದು ಫೋನಿನ ಬಾಯಿ ಮುಚ್ಚಿ ಹೇಳಿದರು. ಕೆಂಪು ಟವೆಲಿನವನು ಮೊದಲ ಸಲ ಕತ್ತು ಇಳಿಸಿದ. ಮುತ್ತರಾಯಪ್ಪನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಬಿಳಿ ಅಂಗಿಯ ತೋಳು ಬಿಟ್ಟರೆ ಬೇರೇನೂ ಇರಲಿಲ್ಲ. ರಿಸೀವರ್ ಇಡುವ ಮೊದಲು ಗೋಪೀನಾಥರು ಏನೋ ಕೇಳಿ ಅರೆನಗೆ ನಕ್ಕರು. ನಿಮ್ಮ ಊರಿನವರು ಕಲ್ಲಿನ ಮೇಲೂ ಹೆಬ್ಬೆಟ್ಟು ಒತ್ತುತ್ತಾರಾ ಎಂದು ಗುಮಾಸ್ತ ತಮಾಷೆ ಮಾಡಿದನಂತೆ. ಏಳರ ಓರೆಗಾಲಿನ ಉದ್ದಕ್ಕೂ, ಬಣ್ಣ ಹಸಿಯಿದ್ದಾಗ ಯಾರೋ ಹೆಬ್ಬೆರಳು ಎಳೆದಿದ್ದರಂತೆ, ಕೆರೆಯುವ ಮೊದಲು ನೋಡಿದಾಗ ಕೊನೆಯಲ್ಲಿ ಗುರುತು ಚೆನ್ನಾಗಿ ಮೂಡಿತ್ತಂತೆ. ಮುತ್ತರಾಯಪ್ಪ ತನ್ನ ಹೆಬ್ಬೆರಳು ನೋಡಿಕೊಂಡ. ಅವನು ಬಣ್ಣ ಮುಟ್ಟಿರಲಿಲ್ಲ. ಬರೆದು ಮುಗಿಸಿ ಕುಂಚ ತೊಳೆಯಲು ಸೀಮೆಎಣ್ಣೆಯ ಡಬ್ಬಿಯ ಹತ್ತಿರ ಹೋಗಿದ್ದ. ಆಗ ಜನ ಚದುರುತ್ತಿದ್ದರು. ನಾನೊಂದು ಗಳಿಗೆ ಕಲ್ಲಿನ ಹತ್ತಿರ ಇರುತ್ತೇನೆ, ನೀವು ನಡೀರಿ ಎಂದು ಮಾವ ಮಗಳಿಗೆ ಹೇಳುತ್ತಿದ್ದದ್ದು ಬೆನ್ನ ಹಿಂದೆ ಕೇಳಿಸಿತ್ತು. ಬೀಳ್ಕೊಡುತ್ತಿದ್ದಾನೆ ಎಂದು ಆಗ ಅಂದುಕೊಂಡಿದ್ದ.

ಅವನು ಏಳುವಾಗ ಗೋಪೀನಾಥರು, ಬಿರುಕು ಬಂದರಿನಲ್ಲಿ ಪತ್ತೆಯಾಯಿತು ಎಂದಷ್ಟೇ ಬರೆಯುತ್ತೇನೆ, ನೀನೂ ಊರಲ್ಲಿ ಯಾರ ಹತ್ತಿರವೂ ಬಾಯಿಬಿಡಬೇಡ ಎಂದರು. ಅವನು ಕೈ ಮುಗಿದ. ಆಮೇಲೆ ಅವರು ಮೇಜಿನ ಮೇಲಿನ ಯಾವುದೋ ಕಾಗದವನ್ನು ನೋಡುತ್ತಾ ಮಾತಾಡಿದರು.

“ಬರವಣಿಗೆ ಮಾತ್ರ ಇನ್ನು ನಿನ್ನ ಕೈಲಿ ಮಾಡಿಸೋಕ್ಕಾಗಲ್ಲಪ್ಪ. ಆ ನಂಬರ್ ನಂಬ್ಕೊಂಡು ಅಷ್ಟು ದೂರ ಜನ ತಲೆ ಕೊಡ್ತಾರೆ. ಮಿಷನ್ ಹತ್ರ ಬೇರೆ ಕೆಲಸ ನೋಡ್ತೀನಿ.”

ಮುತ್ತರಾಯಪ್ಪ ಜೇಬಿನಿಂದ ಚಿಂದಿಯಲ್ಲಿ ಸುತ್ತಿದ ಕುಂಚ ತೆಗೆದು ಮೇಜಿನ ಅಂಚಿಗೆ ಇಟ್ಟ. ಇಡುವಾಗ ಕಾಗದಕ್ಕೆ ಬಣ್ಣ ತಾಗದಂತೆ ನೋಡಿಕೊಂಡ. ನಿನ್ನಂಥ ಕೈಬರಹ ಎಂಬ ಆ ಹಳೆಯ ಮಾತನ್ನೂ ಅಲ್ಲೇ ಇಟ್ಟು ಬರಬೇಕಾಗುತ್ತದೆ ಎಂದು ಅವನಿಗೆ ತಿಳಿದಿತ್ತು, ಆದರೂ ಅದು ಜೊತೆಗೇ ಬಂತು, ಬಸ್ ಸ್ಟ್ಯಾಂಡಿನ ತನಕ, ಬಸ್ಸಿನೊಳಗೂ. ಬಸ್ಸು ಊರಿನ ಕವಲು ಮುಟ್ಟುವ ಹೊತ್ತಿಗೆ ಬಾಳೆಹಣ್ಣು ಮರೆತದ್ದು ನೆನಪಾಯಿತು.

ಇಳಿಬಿಸಿಲಿನಲ್ಲಿ ಮಾವ ಜಗುಲಿಯ ಮೇಲೆ ಕೂತಿದ್ದ. ಮೈಮೇಲೆ ಒಗೆದ ಅಂಗಿ, ಪಕ್ಕದಲ್ಲಿ ಊರುಗೋಲು, ಒಂದು ಚೀಲ. ಚೀಲದ ಬಾಯಿಂದ ಗೋಪೀನಾಥರು ಕೊಟ್ಟ ಶಾಲಿನ ಅಂಚು ಕಾಣುತ್ತಿತ್ತು, ಅದನ್ನು ಎಲ್ಲಿಗೋ ಹಿಂದಿರುಗಿಸಲು ಹೊರಟವನಂತೆ. ಗಂಗರತ್ನಮ್ಮ ಒಳಗಿನಿಂದಲೇ ದೂರಿದಳು: ಬಿಸಿಲೇರೋ ಹೊತ್ತಿಂದ ಅಪ್ಪ ಅಂಗಿ ಹಾಕಿಕೊಂಡು ಕೂತಿದ್ದಾರೆ, ಮಧ್ಯಾಹ್ನದ ಬಸ್ಸಿಗೆ ಹೊಸೂರಿಗೆ ಹೋಗಬೇಕು ಅಂತ ಹಟ, ನೀವು ಆಗಲೇ ಬಿಳಿ ಅಂಗಿ ಹಾಕಿಕೊಂಡು ಹೊಸೂರಿಗೆ ಹೋದಿರಿ ಅಂತ ನಾನಂದ ಮೇಲೆ ಸುಮ್ಮನಾದರು, ಒಳಗೆ ಬಾ ಅಂದರೆ ಬರುವುದಿಲ್ಲ. ಮುತ್ತರಾಯಪ್ಪ ಮಾವನ ಪಕ್ಕ ಕೂತ. ಶ್ಯಾಮಣ್ಣ ನಿನ್ನೆ ಈ ಜಗುಲಿಯ ಮೇಲೂ ಕೂತು ಕತೆ ಹೇಳಿಯೇ ಹೋಗಿರಬೇಕು ಎಂದು ಅವನಿಗೆ ಈಗ ಹೊಳೆಯಿತು. ಊರಿನಲ್ಲಿ ಮೊದಲು ಮಾವನಿಗೆ ಹೇಳದೆ ಯಾರೂ ಯಾವ ಕತೆಯನ್ನೂ ಟೀ ಅಂಗಡಿಗೆ ಒಯ್ಯುತ್ತಿರಲಿಲ್ಲ. ಮಾವ ಹೆಜ್ಜೆಯ ಸದ್ದಿನಿಂದಲೇ ಅಳಿಯನನ್ನು ಗುರುತಿಸಿದ್ದ. ರಸ್ತೆಯ ಕಡೆಗೇ ಮುಖ ಇಟ್ಟುಕೊಂಡು ಕೇಳಿದ.

“ಯೋಳ್ದಾ?”

“ಯೋಳ್ದೆ ಮಾವ. ಕಲ್ಲು ಹಡಗು ಹತ್ತಲ್ಲ. ಪಕ್ಕುಕ್ ಇಟ್ರಂತೆ.”

ಮಾವ ಬಹಳ ಹೊತ್ತಿನಿಂದ ಹೊತ್ತಿದ್ದ ಏನನ್ನೋ ಇಳಿಸಿದವನಂತೆ ಉಸಿರುಬಿಟ್ಟ. ಮಂಡಿಯ ಮೇಲೆ ಅವನ ಬಲಗೈ ಅಂಗಾತ ಬಿದ್ದಿತ್ತು, ಆಮೇಲೆ ಮಗುಚಿತು. ಹೆಬ್ಬೆರಳಿನ ಉಗುರು ಹಳೆಯ ಸುತ್ತಿಗೆ ಪೆಟ್ಟಿಗೆ ನಡುವೆ ಸೀಳಿತ್ತು, ಮುತ್ತರಾಯಪ್ಪ ಚಿಕ್ಕ ವಯಸ್ಸಿನಿಂದ ಕಂಡ ಸೀಳು ಅದು. ಇವತ್ತು ಅದರೊಳಗೆ ಬೆಳ್ಳಗೆ ಒಂದು ಗೆರೆ ಇತ್ತು. ಸೋಪಿಗೆ ಹೋಗದ ಬಿಳುಪು. ನಾಲ್ಕೈದು ದಿನದಿಂದ ಆ ಕೈ ತನ್ನ ಎದುರಿಗೇ ಮುದ್ದೆ ಮುರಿಯುತ್ತಿತ್ತು, ಮುರಿದು ತಟ್ಟೆಯಲ್ಲೇ ಬಿಡುತ್ತಿತ್ತು. ತಾನು ಮಾವನ ಮುಖ ನೋಡಲಾರದೆ ತಲೆ ತಗ್ಗಿಸಿ ಕೂತಿದ್ದರೂ ಕೈಯನ್ನು ನೋಡಿರಲಿಲ್ಲ.

“ನಿಂಗ್ ಗೊತ್ತಿತ್ತಲ್ಲ ಮಾವ. ಅವತ್ತೇ ಯಾಕ್ ಯೋಳ್ಲಿಲ್ಲ?”

“ನನ್ ಮಾನ ಉಳ್ಸಕ್ಕೆ ಅಂತ ನೀನು ಬಳ್ದಿದ್ದೆ ಕಣ್ಲಾ,” ಎಂದ ಮುದುಕ. “ಅದ ನಾನೇ ಎಂಗ್ ಕೆರ್ದು ತೆಗೀಲಿ? ನೀನೇ ಯೋಳ್ತೀಯ ಅಂತ ಕಾದೆ. ಆಮ್ಯಾಕೆ ಆ ಶ್ಯಾಮಣ್ಣ ಬಂದು, ಕೆಳಗೆ ಜನ ನಿಂತಿರ್ತಾರೆ ಅಂದ.”

ಯಾರದು ತಪ್ಪು ಎಂದು ಹೇಳಿದೆ ಎಂದು ಮಾವ ಕೇಳಲಿಲ್ಲ, ಕುಂಚ ಎಲ್ಲಿ ಹೋಯಿತೆಂದು ಮುತ್ತರಾಯಪ್ಪನೂ ಹೇಳಲಿಲ್ಲ. ಹಡಗಿನ ಕೂಗು ಕೇಳಿದ್ದನ್ನು ಮಾತ್ರ ಹೇಳಿದ. ಹೆಂಗಿತ್ತು ಎಂದು ಮಾವ ಕೇಳಿದಾಗ, ಗಂಗರತ್ನಮ್ಮನಿಗೆ ಕೇಳಿಸದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ಸಣ್ಣಗೆ ಕೂಗಿ ತೋರಿಸಿದ. ಮಾವ ಕಿವಿ ಹತ್ತಿರ ತಂದು, ಬಂಡೆಗೆ ಕಿವಿ ಕೊಡುತ್ತಿದ್ದ ಹಾಗೆಯೇ ಕೇಳಿ, ಗಟ್ಟಿ ಐತೆ ಎಂದ. ಮುತ್ತರಾಯಪ್ಪ ಒಳಗೆ ಹೋಗಿ ಬುಡ್ಡಿಯಿಂದ ಸೀಮೆಎಣ್ಣೆಯನ್ನು ಒಂದು ಬಟ್ಟೆಚೂರಿಗೆ ಬಗ್ಗಿಸಿಕೊಂಡು ಬಂದ. ಮಾವನ ಕೈಯನ್ನು ತನ್ನ ತೊಡೆಯ ಮೇಲೆ, ಬಿಳಿ ಅಂಗಿಯ ಅಂಚಿನ ಮೇಲೇ ಇಟ್ಟುಕೊಂಡು ಉಗುರನ್ನು ಉಜ್ಜತೊಡಗಿದ. ಮೇಲಿನ ಬಣ್ಣ ಬಿಟ್ಟಿತು, ಸೀಳಿನ ಒಳಗಿನದು ಬಿಡಲಿಲ್ಲ. ಬಟ್ಟೆಯ ತುದಿಯನ್ನು ಹೊಸೆದು ಒಳಗೆ ತೂರಿಸಿ ನೋಡಿದ. ಅದು ಅಲ್ಲಿಯೇ ಇತ್ತು.

“ಇರ್ಲಿ ಬುಡ್ಲಾ,” ಎಂದ ಮಾವ. “ಉಗುರು ಬೆಳ್ದಂಗೆಲ್ಲ ಅದೇ ಹೋಯ್ತದೆ.”

ಹಾಗೆ ಹೇಳಿದನೇ ಹೊರತು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.